ಗುಪ್ತಣ್ಣನ ಬಹಿರಂಗ ಹೋರಾಟ

ಹಾರುವ ತಟ್ಟೆಗಳ ಬಗ್ಗೆ ಸರ್ಕಾರ ತನಗೆ ಗೊತ್ತಿರುವುದನ್ನೆಲ್ಲ ಜನರ ಮುಂದಿಡಬೇಕು ಎಂದು ಹೋರಾಟಕ್ಕಿಳಿದ ಗುಪ್ತಣ್ಣನಿಗೆ ಮೊದಲ ದಿನವೇ ಒಂದು ತೊಡಕು ಎದುರಾಯಿತು. ‘ಹಾರುವ ತಟ್ಟೆ’ ಎಂಬ ಮಾತನ್ನು ಅವನು ಆಡುವ ಹಾಗಿರಲಿಲ್ಲ.

ಅವನು ಗುಪ್ತಚರ ಇಲಾಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು. ಕೆಲಸಕ್ಕೆ ಸೇರುವಾಗ ಒಂದು ಪ್ರಮಾಣ ಮಾಡಿದ್ದ. ಕರ್ತವ್ಯದ ಮೇಲಿದ್ದಾಗ ಕಂಡದ್ದನ್ನು ಬಾಯಿಂದ ಹೇಳುವುದಿಲ್ಲ, ಕೈಯಿಂದ ಬರೆಯುವುದಿಲ್ಲ. ನಿವೃತ್ತಿಯ ದಿನ ಇಲಾಖೆಯವರು ಅವನ ಗುರುತಿನ ಚೀಟಿ ವಾಪಸು ಪಡೆದರು, ಮೇಜಿನ ಬೀಗದಕೈ ಪಡೆದರು, ಎಂದೋ ಕೊಟ್ಟಿದ್ದ ಛತ್ರಿಯನ್ನೂ ನೆನಪಿಟ್ಟುಕೊಂಡು ಕೇಳಿ ಪಡೆದರು. ಪ್ರಮಾಣವನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ. ಅದು ಅವನ ಹತ್ತಿರವೇ ಉಳಿದುಹೋಯಿತು. ಹೀಗಾಗಿ ಸೋಮವಾರ ಬೆಳಗ್ಗೆ ಸರ್ಕಾರಿ ಕಚೇರಿಯ ಗೇಟಿನ ಮುಂದೆ ಒಬ್ಬನೇ ನಿಂತಾಗ ಅವನ ಕೈಯಲ್ಲಿದ್ದ ಫಲಕದ ಮೇಲೆ ಇಷ್ಟೇ ಇತ್ತು: ‘ಮುಚ್ಚಿಟ್ಟದ್ದನ್ನು ಬಹಿರಂಗಪಡಿಸಿ.’

ಗೇಟಿನ ಕಾವಲುಗಾರ ಫಲಕವನ್ನು ಓದಿ, ಅದರ ಹಿಂಭಾಗಕ್ಕೆ ಹೋಗಿ ಅಲ್ಲಿಯೂ ಏನಾದರೂ ಬರೆದಿದೆಯೇ ಎಂದು ನೋಡಿ ಬಂದ.

“ಏನ್ ಮುಚ್ಚಿಟ್ಟಿದ್ದಾರೆ ಯಜಮಾನ್ರೇ?”

“ಅದನ್ನ ಹೇಳೋ ಹಾಗಿಲ್ಲ.”

“ನಿಮಗೆ ಗೊತ್ತಾ?”

“ಗೊತ್ತಿಲ್ಲದೆ ಬಿಸಿಲಲ್ಲಿ ನಿಲ್ತೀನಾ?”

“ಹಾಗಿದ್ರೆ ನೀವೇ ಹೇಳಿಬಿಡಿ, ಮುಗಿದುಹೋಗುತ್ತೆ.”

“ಅವರು ಮೊದಲು ಹೇಳ್ಲಿ. ಆಮೇಲೆ ನಾನು.”

ಕಾವಲುಗಾರ ತಲೆಯಾಡಿಸಿದ. ತನ್ನ ಮನೆಯಲ್ಲಿ ಗಂಡಹೆಂಡಿರು ಮಾತುಬಿಟ್ಟಾಗಲೂ ಹೀಗೇ ಆಗುತ್ತಿದ್ದುದರಿಂದ ಅವನಿಗೆ ವಿಷಯ ಅರ್ಥವಾದ ಹಾಗೆ ಅನಿಸಿತು. “ಹಾಗಾದ್ರೆ ಸ್ವಲ್ಪ ನೆರಳಿಗೆ ಬಂದು ನಿಂತ್ಕೊಳ್ಳಿ, ತಡ ಆಗುತ್ತೆ” ಎಂದ.

ಕಾವಲುಗಾರನ ಊಹೆ ಅಷ್ಟೇನೂ ತಪ್ಪಿರಲಿಲ್ಲ. ಮನುಕುಲಕ್ಕೆ ಸತ್ಯ ತಿಳಿಯಲಿ ಎಂಬುದು ಗುಪ್ತಣ್ಣನ ಬೇಡಿಕೆಯ ಹೊರಮೈ ಮಾತ್ರ. ಒಳಗೆ ಇದ್ದದ್ದು ಒಬ್ಬಳೇ ಹೆಂಗಸು, ಅವನ ಹೆಂಡತಿ.

ನಡೆದದ್ದು ಇಷ್ಟು. ಬಹಳ ಹಿಂದೆ, ಮಗಳ ಮದುವೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ ಗುಪ್ತಣ್ಣನಿಗೆ ಇಲಾಖೆಯಿಂದ ಫೋನ್ ಬಂತು. ಹೆಂಡತಿಗೆ “ಈಗ ಬಂದೆ” ಎಂದು ಹೇಳಿ ಹೋದ. ಒಂದು ಪಾಳುಬಿದ್ದ ಉಗ್ರಾಣದ ತಾರಸಿಯ ಮೇಲೆ, ಮೋಟುಗೋಡೆಯ ಮರೆಯಲ್ಲಿ ಬಲಮಗ್ಗುಲಾಗಿ ಮಲಗಿ, ಎದುರಿನ ಹಾರ್ಡ್‌ವೇರ್ ಅಂಗಡಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುವುದು ಅವತ್ತಿನ ಕೆಲಸ. ಅಂಗಡಿಯ ಮೇಲೆ, ಆಕಾಶದಲ್ಲಿ, ತೊಳೆದು ಬೋರಲು ಹಾಕಿದ ಬಾಣಲೆಯಂಥದೊಂದು ನಿಂತಿತ್ತು. ಸದ್ದಿಲ್ಲ, ಅಲುಗಾಟವಿಲ್ಲ. ಗುಪ್ತಣ್ಣ ಅದನ್ನೇ ನೋಡುತ್ತ ಮಲಗಿದ. ಅಂಗಡಿಗೆ ಬರಬೇಕಾದವನು ಬಂದು, ಮಾಡಬೇಕಾದ್ದನ್ನು ಮಾಡಿ ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಇಳಿಹೊತ್ತಿಗೆ ಅದು ಎದ್ದು ಹೋಯಿತು. ಯಾರಿಗೋ ಕಾದು, ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೆಂಚಿನಿಂದ ಏಳುವವರ ಹಾಗೆ ಎದ್ದು ಹೋಯಿತು.

ಮೇಲಧಿಕಾರಿ ಬೆಳಗಿನವರೆಗೆ ಪ್ರಶ್ನೆ ಕೇಳಿ, ಕೊನೆಗೆ, “ನೀವು ಏನನ್ನೂ ನೋಡಿಲ್ಲ. ನೋಡಿದ್ದನ್ನ ಯಾರಿಗೂ ಹೇಳಬೇಡಿ” ಎಂದ. ಇಂಥ ಮಾತು ಸರ್ಕಾರದಲ್ಲಿ ಎಷ್ಟು ಸಹಜವೆಂದರೆ ಗುಪ್ತಣ್ಣನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಅವನು ಮನೆಗೆ ಬಂದಾಗ ಮದುವೆ ಮುಗಿದು, ಮಗಳು ಗಂಡನ ಊರಿಗೆ ಹೊರಟುಹೋಗಿದ್ದಳು. ಹೆಂಡತಿ ಬಾಗಿಲಲ್ಲೇ ಅವನ ಮುಖ ನೋಡಿದಳು. ಎಡಗೆನ್ನೆ ಬಿಸಿಲಿಗೆ ಬೆಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬಲಗೆನ್ನೆ ಎಂದಿನಂತಿತ್ತು.

“ಎಲ್ಲಿದ್ರಿ?”

“ಹೇಳೋ ಹಾಗಿಲ್ಲ.”

“ಮಗ್ಗುಲಾಗಿ ಮಲಗಿದ್ರಿ. ಈ ಕಡೆ ಕೆನ್ನೆ ಬಿಸಿಲಿಗಿತ್ತು. ಆ ಕಡೆ ಕೆನ್ನೆ ಯಾರ ಕಡೆಗಿತ್ತು?”

ಗುಪ್ತಣ್ಣ ಇಲಾಖೆಯಲ್ಲಿ ಎಷ್ಟೋ ಜನ ಪತ್ತೇದಾರರನ್ನು ನೋಡಿದ್ದ. ಇಷ್ಟು ಚುರುಕಾಗಿ ಇಷ್ಟು ತಪ್ಪು ತೀರ್ಮಾನಕ್ಕೆ ಬಂದವರನ್ನು ನೋಡಿರಲಿಲ್ಲ. ಇಲಾಖೆ ಕಲಿಸಿದ್ದನ್ನೇ ಹೇಳಿದ: “ಯಾರೋ ಇದ್ದರು ಅಂತಲೂ ಹೇಳಲ್ಲ, ಇರಲಿಲ್ಲ ಅಂತಲೂ ಹೇಳಲ್ಲ.”

ಅಲ್ಲಿಗೆ ಆ ಮನೆಯೊಳಕ್ಕೆ ಎಲ್ಲೂ ಇಲ್ಲದ ಇನ್ನೊಬ್ಬ ಹೆಂಗಸು ಬಂದು ಸೇರಿದಳು. ನಿವೃತ್ತಿಯಾದ ಮೇಲೆ ಎಲ್ಲ ಹೇಳುತ್ತೇನೆ ಎಂದು ಗುಪ್ತಣ್ಣ ಗಡುವು ಕೇಳಿದ. ಹೆಂಡತಿ ಕೊಟ್ಟಳು. ನಿವೃತ್ತಿಯ ಸಂಜೆ ಅವಳು ಎರಡು ಲೋಟ ಚಹಾ ಮಾಡಿ ಎದುರಿಗೆ ಕೂತು, “ಈಗ ಹೇಳಿ” ಎಂದಳು. ಗುಪ್ತಣ್ಣ ಪ್ರಮಾಣ ಇನ್ನೂ ವಾಪಸಾಗಿಲ್ಲ ಎಂದ. ಅವಳು ಚಹಾ ಕುಡಿದಳು, ಎರಡೂ ಲೋಟ ತೊಳೆದಳು, ಒರೆಸಿ ಕಪಾಟಿನಲ್ಲಿಟ್ಟಳು, ಮತ್ತು ಅದೇ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೊರಟುಹೋದಳು. ಹೋಗುವಾಗ, “ಹೇಳೋದಿದ್ದಾಗ ಬನ್ನಿ” ಎಂದಳು.

ಅವಳು ಹೋದ ಮೇಲೆ ಗುಪ್ತಣ್ಣ ಮನೆಯ ಮಡಚುವ ಕುರ್ಚಿಗಳನ್ನು ಬಾಗಿಲ ಹಿಂದೆ ನಿಲ್ಲಿಸಿ, ತನಗೊಂದನ್ನು ಮಾತ್ರ ಬಿಡಿಸಿಟ್ಟುಕೊಂಡ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಇದೂ ಇಲಾಖೆ ಕಲಿಸಿದ್ದೇ. ಹಾಲು ತರಲು ಪ್ರತಿ ದಿನ ಬೇರೆ ಬೇರೆ ದಾರಿಯಲ್ಲಿ ಹೋಗುತ್ತಿದ್ದ, ಯಾರೂ ಹಿಂಬಾಲಿಸಬಾರದೆಂದು. ಯಾರೂ ಹಿಂಬಾಲಿಸುತ್ತಿರಲಿಲ್ಲ. ಕೆಲವು ದಿನ ಮೂಲೆಯಲ್ಲಿ ನಿಂತು ಹಿಂದಿರುಗಿ ನೋಡುತ್ತಿದ್ದ, ಯಾರಾದರೂ ಹಿಂಬಾಲಿಸುತ್ತಿದ್ದಾರೇನೋ ಎಂದು. ಆ ನೋಟದಲ್ಲಿ ಭಯ ಎಷ್ಟಿತ್ತು, ಆಸೆ ಎಷ್ಟಿತ್ತು ಎಂದು ಬಿಡಿಸಿ ಹೇಳುವುದು ಕಷ್ಟ.

ಗುಪ್ತಣ್ಣ ಎಂಬ ಹೆಸರು ಅವನಿಗೆ ಅವನಿದ್ದ ಕಟ್ಟಡದವರು ಇಟ್ಟದ್ದು. ಹಳೆಯ ಕಟ್ಟಡ. ಲಿಫ್ಟು ಎರಡನೇ ಮಹಡಿಯವರೆಗೆ ಬಂದು ಯೋಚನೆಯಲ್ಲಿ ಬೀಳುತ್ತಿತ್ತು. ಗುಪ್ತಣ್ಣ ಇದ್ದದ್ದು ಮೂರನೆಯದರಲ್ಲಿ. ಎರಡನೆಯದರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ, ಮೊದಲನೆಯದರಲ್ಲಿ ಹಲ್ಲಿನ ಡಾಕ್ಟರು, ನೆಲಮಹಡಿಯಲ್ಲಿ ಟೈಲರಮ್ಮ. ಕಾರ್ಯದರ್ಶಿ ನೀರಿನ ಬಿಲ್ಲಿನ ಜಗಳಕ್ಕೆಂದು ಅದೇ ಸೋಮವಾರ ಅದೇ ಕಚೇರಿಗೆ ಹೋಗಿದ್ದ. ಫಲಕ ಹಿಡಿದ ಗುಪ್ತಣ್ಣನನ್ನು ಕಂಡು ಅವನಿಗೆ ಬಿಲ್ಲು ಮರೆತುಹೋಯಿತು. ಗುಪ್ತಚರ ಇಲಾಖೆಯವನೇ ಸರ್ಕಾರದ ಗೇಟಿಗೆ ಬಂದು ನಿಂತಿದ್ದಾನೆ ಎಂದರೆ ವಿಷಯ ಸಣ್ಣದಿರಲಾರದು.

ಸಂಜೆ ಕಾರ್ಯದರ್ಶಿ ಹೆಂಡತಿಯೊಂದಿಗೆ ಮೇಲೆ ಬಂದ. ಬಾಗಿಲು ಬಡಿದ ಸದ್ದು ಕೇಳಿ ಗುಪ್ತಣ್ಣ ಮೊದಲು ಅದು ಪಕ್ಕದ ಮನೆಯದೆಂದು ತಿಳಿದು ಸುಮ್ಮನಿದ್ದ.

“ಸಾರ್, ನಾನು ಸುತ್ತಿಬಳಸಿ ಮಾತಾಡೋನಲ್ಲ” ಎಂದು ಕಾರ್ಯದರ್ಶಿ ಸುತ್ತಿಬಳಸತೊಡಗಿದ. “ನಮ್ಮದು ಹಳೇ ಕಟ್ಟಡ. ಮುಂದಿನ ರಸ್ತೆ ಕಿರಿದು. ಮೊನ್ನೆ ಯಾರೋ ಇಬ್ಬರು ಟೇಪು ಹಿಡಿದು ಅಳೀತಿದ್ರು. ಇವತ್ತು ನೀವು ಅಲ್ಲಿ ನಿಂತಿದ್ರಿ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?”

“ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ.”

ಕಾರ್ಯದರ್ಶಿ ಹೆಂಡತಿಯ ಮುಖ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

“ಅದ್ಯಾಕೆ ಹಾಗೆ ಗಾಬರಿ ಬೀಳ್ತೀರಿ?” ಎಂದಳು ಅವಳು. “ಹೋದ ವಾರ ಲಿಫ್ಟಲ್ಲಿ ಸಿಕ್ಕಿದ್ದಾಗ ‘ಕಾಫಿ ಆಯ್ತಾ ಅಣ್ಣಾವ್ರೇ’ ಅಂದೆ. ಅದಕ್ಕೂ ಇದೇ ಉತ್ತರ.”

“ನೀನು ಸುಮ್ಮನಿರು. ಅಲ್ಲ ಅನ್ನೋದಾಗಿದ್ರೆ ಅಲ್ಲ ಅಂದುಬಿಡ್ತಿದ್ರು. ಸಾರ್, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಇನ್ನು ಮೇಲೆ ಆ ವಿಷಯದ ಹೆಸರು ನಾವೂ ಎತ್ತಲ್ಲ. ಗೋಡೆಗಳಿಗೂ ಕಿವಿ ಇರುತ್ತೆ. ಆದ್ರೆ ನೀವು ಒಬ್ಬರೇ ಅಲ್ಲ, ನಾವೆಲ್ಲ ನಿಮ್ಮ ಹಿಂದಿದ್ದೀವಿ.”

ನೀವು ಒಬ್ಬರೇ ಅಲ್ಲ. ಗುಪ್ತಣ್ಣನಿಗೆ ಈ ಮಾತನ್ನು ಯಾರೂ ಯಾವತ್ತೂ ಹೇಳಿರಲಿಲ್ಲ. ಅವನು ಎದ್ದುಹೋಗಿ ಬಾಗಿಲ ಹಿಂದಿನ ಕುರ್ಚಿಗಳನ್ನು ಬಿಡಿಸಿದ. ಒಂದರ ಸಂದಿಯಲ್ಲಿ ಜೇಡ ಸಂಸಾರ ಹೂಡಿತ್ತು.

ಮರುದಿನದಿಂದ ಅವನ ಮನೆಯಲ್ಲಿ ಜನವೋ ಜನ. ಹಲ್ಲಿನ ಡಾಕ್ಟರು ರೋಗಿಗಳ ನಡುವಿನ ಬಿಡುವಿನಲ್ಲಿ ಬಂದು ಕೂತ. ಟೈಲರಮ್ಮ ಗುಂಡಿ ಹಾಕುವ ಕೆಲಸವನ್ನು ಇಲ್ಲಿಗೇ ತಂದಳು. ಯಾರೂ ‘ಆ ವಿಷಯ’ದ ಹೆಸರೆತ್ತಲಿಲ್ಲ. ಕಟ್ಟಡವನ್ನು ಕೆಡವುತ್ತಾರೆ ಎಂದು ಅವರು ಅಂದುಕೊಂಡಿದ್ದಾರೆಂದು ಗುಪ್ತಣ್ಣನಿಗೆ ಗೊತ್ತಿಲ್ಲ. ಅವನು ಆಕಾಶದ ಬಾಣಲೆಯ ಬಗ್ಗೆ ಯೋಚಿಸುತ್ತಿದ್ದಾನೆಂದು ಅವರಿಗೆ ಗೊತ್ತಿಲ್ಲ. ಎರಡೂ ಕಡೆಯವರ ಸಭ್ಯತೆಯಿಂದಾಗಿ ಮಾತುಕತೆ ಬಹಳ ಚೆನ್ನಾಗಿ ನಡೆಯಿತು.

“ಅದು ಬಂದಾಗ ನಾವೆಲ್ಲ ಎಲ್ಲಿಗೆ ಹೋಗೋದು ಸಾರ್?” ಎಂದು ಡಾಕ್ಟರು ಕೇಳಿದ.

ಗುಪ್ತಣ್ಣ ಪ್ರಮಾಣಕ್ಕೆ ಧಕ್ಕೆಯಾಗದಷ್ಟು ಯೋಚಿಸಿ, “ಎಲ್ಲಿಗೇ ಹೋದ್ರೂ ಒಂದೇ. ಬಂದ್ರೆ ಎಲ್ಲ ಕಡೆಗೂ ಬರುತ್ತೆ” ಎಂದ.

“ಪೂರ್ತಿ ರಸ್ತೆಗಾ?”

“ರಸ್ತೆ ಯಾವ ಲೆಕ್ಕ?”

ಟೈಲರಮ್ಮನ ಕೈಯಿಂದ ಗುಂಡಿ ಉರುಳಿತು. “ಬಹಳ ಸದ್ದಿರುತ್ತಾ ಅಣ್ಣಾ? ನನಗೆ ಬಿಪಿ ಇದೆ.”

“ಸದ್ದೇ ಇರಲ್ಲಮ್ಮ. ತಲೆ ಎತ್ತಿ ನೋಡೋವರೆಗೂ ಗೊತ್ತಾಗಲ್ಲ.”

ಮೆಟ್ಟಿಲಿಳಿಯುತ್ತ ಟೈಲರಮ್ಮ ಡಾಕ್ಟರನ್ನು ಕೇಳಿದಳು, “ಸದ್ದಿಲ್ಲದೆ ಹೇಗೆ ಕೆಡವುತ್ತಾರೆ?”

“ಹೊಸ ಯಂತ್ರ ಬಂದಿರಬೇಕು” ಎಂದ ಡಾಕ್ಟರು. ಹಲ್ಲು ಕೀಳುವವನಾದ್ದರಿಂದ ಅವನಿಗೆ ಸದ್ದಿಲ್ಲದ ಯಂತ್ರಗಳ ಮೇಲೆ ನಂಬಿಕೆಯಿತ್ತು.

ಆ ವಾರ ಕಟ್ಟಡದಲ್ಲಿ ನಡೆದದ್ದನ್ನು ದೂರದಿಂದ ನೋಡಿದವರು ಯುದ್ಧ ಹತ್ತಿರ ಬಂತೆಂದು ತಿಳಿಯಬೇಕು. ಡಾಕ್ಟರು ರೋಗಿಗಳನ್ನು ಮಲಗಿಸುವ ದೊಡ್ಡ ಕುರ್ಚಿಯನ್ನು ಕಳಚಿ ಭಾವಮೈದುನನ ಗ್ಯಾರೇಜಿಗೆ ಸಾಗಿಸಿದ. ಒಬ್ಬ ರೋಗಿಯ ಅರ್ಧ ತುಂಬಿದ ಹಲ್ಲು ಅರ್ಧಕ್ಕೇ ನಿಂತಿತು. ಟೈಲರಮ್ಮ ಬಟ್ಟೆ ಕೊಟ್ಟವರನ್ನೆಲ್ಲ ಕರೆದು, ಒಂದು ತೋಳಿದ್ದ ರವಿಕೆಗಳನ್ನು ಹಾಗೇ ಮಡಚಿ ಕೊಟ್ಟಳು. ಕಾರ್ಯದರ್ಶಿ ಸುಣ್ಣಬಣ್ಣದವರನ್ನು ವಾಪಸು ಕಳಿಸಿದ, ಮತ್ತು ಹೆಂಡತಿ ಎಷ್ಟು ಬೇಡವೆಂದರೂ ಕೇಳದೆ ಸೋಫಾವನ್ನು ಸಿಕ್ಕಿದ ಬೆಲೆಗೆ ಮಾರಿದ. ಸೋಫಾ ಇಲ್ಲದ್ದರಿಂದ ದಂಪತಿಗಳು ಟಿವಿ ನೋಡುವ ಹೊತ್ತಿನಲ್ಲೂ ಗುಪ್ತಣ್ಣನ ಮನೆಗೇ ಬಂದು ಕೂರತೊಡಗಿದರು.

ಗುಪ್ತಣ್ಣ ಈಗ ದಿನಕ್ಕೆರಡು ಪ್ಯಾಕೆಟ್ ಹಾಲು ತರುತ್ತಿದ್ದ. ಅದೂ ನೇರ ದಾರಿಯಲ್ಲಿ. ಬೆನ್ನು ಗೋಡೆಗಿಟ್ಟು ಕೂರುವುದು ಬಿಟ್ಟುಹೋಗಿತ್ತು. ಗೋಡೆಯ ಪಕ್ಕ ಡಾಕ್ಟರು ಕೂರುತ್ತಿದ್ದ.

ಮುಂದಿನ ಸೋಮವಾರ ಇಡೀ ಕಟ್ಟಡ ಒಂದೇ ಬಸ್ಸಿನಲ್ಲಿ ಹೊರಟಿತು. ಕೈಯಲ್ಲಿ ಗುಪ್ತಣ್ಣನದೇ ಮಾದರಿಯ ಫಲಕಗಳು: ‘ಮುಚ್ಚಿಟ್ಟದ್ದನ್ನು ಬಹಿರಂಗಪಡಿಸಿ.’ ಗೇಟಿನ ಕಾವಲುಗಾರ ಗುಪ್ತಣ್ಣನನ್ನು ಪಕ್ಕಕ್ಕೆ ಕರೆದು, “ಮನೆಯವರನ್ನೆಲ್ಲ ಕರ್ಕೊಂಡು ಬಂದ್ರಾ? ಒಳ್ಳೇದಾಯ್ತು, ರಾಜಿ ಮಾಡಿಸ್ತಾರೆ” ಎಂದ.

ಒಳಗೆ ಅಧಿಕಾರಿಣಿ ಊಟದ ಡಬ್ಬಿಯನ್ನು ಆಗಷ್ಟೇ ಮುಚ್ಚಿದ್ದಳು. ಚಿಕ್ಕ ವಯಸ್ಸು, ದೊಡ್ಡ ಮೇಜು. ಬಾಗಿಲ ಬಳಿ ಸ್ಟೂಲಿನ ಮೇಲೆ ಮುದುಕ ಜವಾನ ಅರೆನಿದ್ರೆಯಲ್ಲಿದ್ದ.

“ನಿಮಗೆ ಏನನ್ನ ಬಹಿರಂಗ ಮಾಡ್ಬೇಕು?” ಎಂದಳು ಅಧಿಕಾರಿಣಿ.

“ಎಲ್ಲವನ್ನೂ” ಎಂದ ಕಾರ್ಯದರ್ಶಿ.

“ಎಲ್ಲ ಅಂದ್ರೆ ಯಾವುದು?”

“ಅದನ್ನ ಸಾರ್ ಹೇಳ್ತಾರೆ.”

ಎಲ್ಲರೂ ಗುಪ್ತಣ್ಣನ ಕಡೆ ತಿರುಗಿದರು. ಗುಪ್ತಣ್ಣ ಗಂಟಲು ಸರಿಮಾಡಿಕೊಂಡ. “ಮೇಡಂ, ನಾನು ಬಾಯಿಂದ ಹೇಳೋ ಹಾಗಿಲ್ಲ. ಬರೆಯೋ ಹಾಗೂ ಇಲ್ಲ.”

“ಮತ್ತೆ ನನಗೆ ಹೇಗೆ ಗೊತ್ತಾಗ್ಬೇಕು?”

ಗುಪ್ತಣ್ಣ ಪ್ರಮಾಣವನ್ನು ಮನಸ್ಸಿನಲ್ಲೇ ಒಮ್ಮೆ ಮೊದಲಿಂದ ಕೊನೆಯವರೆಗೆ ಓದಿಕೊಂಡ. ಬಾಯಿಂದ ಹೇಳುವುದಿಲ್ಲ, ಕೈಯಿಂದ ಬರೆಯುವುದಿಲ್ಲ. ಅಭಿನಯದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅವನು ಎರಡೂ ಕೈಗಳನ್ನು ಎತ್ತಿ, ಗಾಳಿಯಲ್ಲಿ ಒಂದು ದೊಡ್ಡ ಗುಂಡನೆಯ ಆಕಾರ ತೋರಿಸಿದ.

“ನೀರಿನ ಟ್ಯಾಂಕು” ಎಂದ ಕಾರ್ಯದರ್ಶಿ ತಕ್ಷಣ. “ಟ್ಯಾಂಕು ಒಡೀತಾರೆ.”

ಗುಪ್ತಣ್ಣ ತಲೆಯಲ್ಲಾಡಿಸಿ, ಆಕಾರವನ್ನು ಬೋರಲು ಮಾಡಿ ತೋರಿಸಿದ.

“ಟ್ಯಾಂಕು ಬೋರಲು ಬೀಳುತ್ತೆ” ಎಂದಳು ಟೈಲರಮ್ಮ.

“ಅಲ್ಲಮ್ಮ, ಅದು ಗುಮ್ಮಟ. ನಮ್ಮ ಜಾಗದಲ್ಲಿ ಗುಮ್ಮಟ ಕಟ್ತಾರೆ” ಎಂದ ಡಾಕ್ಟರು.

ಗುಪ್ತಣ್ಣ ಬೆರಳುಗಳಿಂದ ಮೇಲೆ ತೋರಿಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಸದ್ದಿಲ್ಲವೆಂದು ಸೂಚಿಸಿದ. ಆಮೇಲೆ ಅಲುಗದೆ ನಿಂತ, ಬಹಳ ಹೊತ್ತು. ಅಧಿಕಾರಿಣಿಯೂ ಈಗ ಮುಂದಕ್ಕೆ ಬಾಗಿದ್ದಳು. “ಲಿಫ್ಟಾ?” ಎಂದಳು. ಕಟ್ಟಡದವರಿಗೆಲ್ಲ ಒಂದು ಕ್ಷಣ ಅದೇ ಸರಿ ಅನಿಸಿತು. ಗುಪ್ತಣ್ಣ ಹತಾಶನಾಗಿ, ಎರಡೂ ಕೈ ಚಾಚಿ, ನಿಧಾನವಾಗಿ ತುದಿಗಾಲ ಮೇಲೆ ಏರುತ್ತ ಕಿಟಕಿಯ ಕಡೆಗೆ ತೇಲಿದ.

“ಹಾರುವ ತಟ್ಟೆ ಮೇಡಂ” ಎಂದ ಜವಾನ, ಕಣ್ಣು ಪೂರ್ತಿ ತೆರೆಯದೆ.

ಗುಪ್ತಣ್ಣ ತೇಲುವುದನ್ನು ನಿಲ್ಲಿಸಿದ. ಅವನ ಕಣ್ಣಿನಲ್ಲಿ ನೀರು ಬಂದದ್ದನ್ನು ನೋಡಿ ಎಲ್ಲರಿಗೂ ಜವಾನ ಹೇಳಿದ್ದು ಸರಿಯೆಂದು ತಿಳಿಯಿತು.

“ಅಯ್ಯೋ, ಅದಾ?” ಎಂದಳು ಅಧಿಕಾರಿಣಿ. “ಅದನ್ನೆಲ್ಲ ಬಹಿರಂಗ ಮಾಡಿ ಯಾವ ಕಾಲವಾಯ್ತು. ನಾನು ಕೆಲಸಕ್ಕೆ ಸೇರೋಕೂ ಮುಂಚೆ. ಕೆಳಗಡೆ ಓದೋ ಕೋಣೆ ಇದೆ, ಯಾರು ಬೇಕಾದ್ರೂ ಬಂದು ನೋಡಬಹುದು. ಅಲ್ವಾ?”

“ಇದೆ ಮೇಡಂ” ಎಂದ ಜವಾನ. “ಯಾರೂ ಬರಲ್ಲ ಅಂತ ಕೆಟ್ಟುಹೋದ ಫ್ಯಾನುಗಳನ್ನ ಇಟ್ಟಿದ್ದೀವಿ. ತೆಗೆಸಬೇಕಾ?”

ಗುಪ್ತಣ್ಣನ ಧ್ವನಿ ಎಲ್ಲಿಂದಲೋ ಬಂತು. “ನನಗೆ ಯಾರೂ ತಿಳಿಸ್ಲಿಲ್ಲ.”

“ಬಹಿರಂಗ ಮಾಡಿದ ಮೇಲೆ ಬೇರೆ ತಿಳಿಸೋದೇನಿದೆ?”

“ಅಂದ್ರೆ, ಈಗ ನಾನು ಹೇಳಬಹುದಾ?”

“ಯಾರಿಗೆ ಬೇಕಾದ್ರೂ ಹೇಳಿ. ಮೈಕ್ ಹಿಡ್ಕೊಂಡು ಹೇಳಿ. ಕೇಳೋರು ಸಿಕ್ಕಿದ್ರೆ ಸರ್ಕಾರದ್ದೇನೂ ಅಭ್ಯಂತರ ಇಲ್ಲ.”

ಗುಪ್ತಣ್ಣ ಹೊರಳಿ ತನ್ನ ಜನರ ಕಡೆ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಕಾರ್ಯದರ್ಶಿ ಮೇಜಿನ ಮೇಲೆ ಎರಡೂ ಕೈ ಊರಿದ್ದ.

“ತಟ್ಟೆ ಗಿಟ್ಟೆ ಎಲ್ಲ ಆಮೇಲೆ. ನಮ್ಮ ಕಟ್ಟಡ ಯಾವಾಗ ಕೆಡವುತ್ತೀರಿ?”

“ಯಾವ ಕಟ್ಟಡ?”

ಅಧಿಕಾರಿಣಿ ಅಲ್ಲಿಗೆ ಇಲ್ಲಿಗೆ ಫೋನ್ ಮಾಡಿದಳು. ಕೊನೆಗೆ ಫೋನ್ ಇಟ್ಟು, ಸಮಾಧಾನದ ಧ್ವನಿಯಲ್ಲಿ, “ನಿಮ್ಮ ಕಟ್ಟಡ ಕೆಡವೋ ಯೋಚನೆ ಯಾರಿಗೂ ಇಲ್ಲ. ನಿಜ ಹೇಳ್ಬೇಕು ಅಂದ್ರೆ ಅಲ್ಲೊಂದು ಕಟ್ಟಡ ಇದೆ ಅನ್ನೋದೇ ಯಾರಿಗೂ ಗೊತ್ತಿಲ್ಲ” ಎಂದಳು.

ಸಂತೋಷಪಡಬೇಕಾದ ಜನ ಕೆರಳಿದರು. ನಿರೀಕ್ಷಿಸಿದ ಕಷ್ಟ ಬರದೆ ಹೋದರೆ ಮನುಷ್ಯನಿಗೆ ಆಗುವ ಅವಮಾನ ಸಣ್ಣದಲ್ಲ.

“ಕೆಡವಲ್ಲ ಅಂದ್ರೆ? ನಾನು ಸೋಫಾ ಮಾರಿಬಿಟ್ಟಿದ್ದೀನಿ” ಎಂದ ಕಾರ್ಯದರ್ಶಿ.

“ನನ್ನ ಪೇಷೆಂಟು ಅರ್ಧ ಹಲ್ಲಿಟ್ಕೊಂಡು ಓಡಾಡ್ತಿದ್ದಾನೆ.”

“ಒಂದು ತೋಳಿನ ರವಿಕೆ ಕೊಟ್ಟು ಕಳಿಸಿದ್ದೀನಲ್ಲಮ್ಮ, ನಾನಿನ್ನು ಯಾವ ಮುಖ ಇಟ್ಕೊಂಡು ತಿರುಗಲಿ?”

ಮರಳಿ ಬರುವಾಗ ಬಸ್ಸು ತುಂಬಿತ್ತು. ಗುಪ್ತಣ್ಣನ ಪಕ್ಕದ ಸೀಟು ಮಾತ್ರ ಖಾಲಿಯಿತ್ತು. ಅವನು ಅಲ್ಲಿ ಫಲಕವನ್ನು ಕೂರಿಸಿಕೊಂಡ.

ಸಂಜೆ ಡಾಕ್ಟರ ಕುರ್ಚಿ ಗ್ಯಾರೇಜಿನಿಂದ ವಾಪಸು ಬಂತು. ಲಿಫ್ಟಿನಲ್ಲಿ ಹಿಡಿಸದ್ದರಿಂದ ಮೆಟ್ಟಿಲ ಮೇಲೆ ಹೊರಬೇಕಾಯಿತು. ಗುಪ್ತಣ್ಣ ತಾನಾಗಿಯೇ ಹೋಗಿ ಒಂದು ಮೂಲೆಗೆ ಕೈಕೊಟ್ಟ.

“ಅದು ಹೇಗಿತ್ತು ಅಂದ್ರೆ ಕಾರ್ಯದರ್ಶಿಗಳೇ,” ಎಂದು ಶುರುಮಾಡಿದ, “ತೊಳೆದು ಬೋರಲು ಹಾಕಿದ ಬಾಣಲೆ ಇರುತ್ತಲ್ಲ...”

“ನಿಮ್ಮ ಕಡೆ ಸ್ವಲ್ಪ ಎತ್ತಿ ಸಾರ್.”

“ಎತ್ತಿದ್ದೀನಿ. ಅಂಚಲ್ಲಿ ಬಿಸಿಲು ಬಿದ್ದು...”

“ತಿರುಗಿಸಿ, ತಿರುಗಿಸಿ. ಗೋಡೆಗೆ ಉಜ್ಜುತ್ತೆ.”

ಗುಪ್ತಣ್ಣ ಇಷ್ಟು ಕಾಲ ಅದುಮಿಟ್ಟಿದ್ದ ಸತ್ಯ ಮೊದಲ ಬಾರಿಗೆ ಹೊರಬಂದದ್ದು ಹೀಗೆ, ಒಂದು ಹಲ್ಲಿನ ಕುರ್ಚಿಯ ಅಡಿಯಿಂದ. ಮೊದಲನೇ ಮಹಡಿ ಬಂದಾಗ ಮುಗಿಯಿತು. ಡಾಕ್ಟರು ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡ. ಗುಪ್ತಣ್ಣ ಮೇಲೆ ಹೋಗಿ ಕುರ್ಚಿಗಳನ್ನು ಮಡಚಿದ. ಒಂದನ್ನು ಮಾತ್ರ ಎದುರಿಗೆ ಬಿಟ್ಟು, ಅದರ ಕಡೆ ನೋಡುತ್ತ, ನಾಳೆ ಹೇಳಬೇಕಾದ್ದನ್ನು ಮೊದಲಿಂದ ಹೇಳಿ ನೋಡಿದ. ಕುರ್ಚಿ ಪೂರ್ತಿ ಕೇಳಿತು.

ಮರುದಿನ ನಾದಿನಿಯ ಮನೆಯ ಬಾಗಿಲು ತೆರೆದದ್ದು ನಾದಿನಿಯೇ.

“ಏನ್ ಭಾವ, ದಾರಿ ತಪ್ಪಿ ಬಂದ್ರಾ?”

“ಅವಳ ಹತ್ತಿರ ಒಂದು ಮಾತು ಹೇಳೋದಿತ್ತು.”

“ಇಷ್ಟು ವರ್ಷಕ್ಕೆ ಒಂದೇ ಮಾತಾ?” ಎಂದು ಅವಳು ದಾರಿ ಬಿಟ್ಟಳು. ಮುಂದಿನ ಕೋಣೆಯಲ್ಲಿ ಟಿವಿ ಜೋರಾಗಿ ಓಡುತ್ತಿತ್ತು. ಗುಪ್ತಣ್ಣ ಹಿಂದಿನ ಬಾಲ್ಕನಿಗೆ ಕಾಲಿಡುತ್ತಲೇ ಅದರ ದನಿ ಸಣ್ಣದಾಯಿತು.

ಹೆಂಡತಿ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಕೂದಲು ಅವನು ನೆನಪಿಟ್ಟುಕೊಂಡದ್ದಕ್ಕಿಂತ ಬೆಳ್ಳಗಾಗಿತ್ತು. ಅವನನ್ನು ನೋಡಿ, ಕೈಯಲ್ಲಿದ್ದ ಟವೆಲನ್ನು ಇನ್ನೊಮ್ಮೆ ಕೊಡವಿದಳು.

“ಹೇಳೋದಿದೆಯಾ?”

“ಇದೆ.”

“ಅವಳ ಹೆಸರಿಂದ ಶುರು ಮಾಡಿ.”

“ಅವಳು ಇಲ್ವೇ ಇಲ್ಲ” ಎಂದ ಗುಪ್ತಣ್ಣ. ಮತ್ತು ಎಲ್ಲವನ್ನೂ ಹೇಳಿದ. ಫೋನು, ಉಗ್ರಾಣದ ತಾರಸಿ, ಬಲಮಗ್ಗುಲು, ಬೋರಲು ಬಾಣಲೆ, ಅದರ ಅಂಚಿನ ಬೆಳಕು, ಅದು ಯಾರಿಗೋ ಕಾದು ಎದ್ದುಹೋದದ್ದು. ಹೇಳುತ್ತ ಹೇಳುತ್ತ ತನ್ನ ಜೀವನದಲ್ಲಿ ಇದುವರೆಗೆ ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತು ಆಡಿದ. ಬುಟ್ಟಿಯಲ್ಲಿ ಹರವದ ಬಟ್ಟೆ ಹಾಗೇ ಉಳಿಯಿತು.

“ಅವತ್ತು ಊಟ?” ಎಂದಳು ಕೊನೆಗೆ.

“ಇಲ್ಲ. ಮಾಡಲಿಲ್ಲ.”

“ನಾನು ತಟ್ಟೆ ಮುಚ್ಚಿಟ್ಟಿದ್ದೆ. ಸಂಜೆವರೆಗೂ.” ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇದನ್ನ ಇನ್ಯಾರಿಗೆ ಹೇಳಿದ್ದೀರಿ?”

“ಕಟ್ಟಡದವರಿಗೆ ಹೇಳ್ದೆ. ಯಾರೂ ಕೇಳ್ಲಿಲ್ಲ.”

“ಈ ಮನೇಲಿ?”

“ನಿನಗೆ ಮಾತ್ರ.”

“ಹಾಗಾದ್ರೆ ಇಲ್ಲಿಗೇ ನಿಲ್ಲಿಸಿಬಿಡಿ. ಇನ್ನೊಬ್ಬರ ಕಿವಿಗೆ ಬೀಳಬಾರದು.”

ಗುಪ್ತಣ್ಣ ಅವಳ ಮುಖ ನೋಡಿದ. ಅದೇ ಮಾತನ್ನು ಹಿಂದೆ ಒಬ್ಬ ಮೇಲಧಿಕಾರಿ ಇದೇ ದನಿಯಲ್ಲಿ ಹೇಳಿದ್ದ.

“ಯಾಕೆ? ಈಗ ಬಹಿರಂಗ ಆಗಿದೆ. ಸರ್ಕಾರವೇ ಒಪ್ಪಿದೆ.”

“ಸರ್ಕಾರ ನನ್ನ ತಂಗಿ ಮನೇಲಿ ಇಲ್ಲ ರೀ. ನಾನಿದ್ದೀನಿ.” ಅವಳು ಒಂದು ಕ್ಲಿಪ್ಪನ್ನು ತಂತಿಗೆ ಹಾಕಿ, ತೆಗೆದು, ಮತ್ತೆ ಹಾಕಿದಳು. “ಈ ಮನೇಲಿ ಬೆಳಗ್ಗೆ ಮೊದಲ ಲೋಟ ಕಾಫಿ ನನಗೆ. ಯಾಕೆ ಗೊತ್ತಾ? ಆ ಇನ್ನೊಬ್ಬಳಿಂದ. ನನ್ನ ಅಕ್ಕ ಎಷ್ಟು ನುಂಗಿಕೊಂಡಿದ್ದಾಳೆ ಅಂತ ನನ್ನ ತಂಗಿ ಬಂದುಹೋದವರಿಗೆಲ್ಲ ಹೇಳ್ತಾಳೆ. ಮಗಳು ಫೋನ್ ಮಾಡಿದಾಗ ದನಿ ಮೆತ್ತಗೆ ಮಾಡ್ಕೊಂಡು ಮಾತಾಡ್ತಾಳೆ. ನಾಳೆ ಆ ಇನ್ನೊಬ್ಬಳು ಇರಲೇ ಇಲ್ಲ, ನನ್ನ ಗಂಡ ಮಗಳ ಮದುವೆ ಬಿಟ್ಟು ಬಾಣಲೆ ನೋಡ್ತಾ ಮಲಗಿದ್ದ ಅಂದ್ರೆ, ನನ್ನ ಮುಖಕ್ಕೆ ಏನು ಬೆಲೆ? ಮತ್ತೆ ನೀನ್ಯಾಕೆ ಇಲ್ಲಿದ್ದೀಯ ಅಂತ ಕೇಳಲ್ವಾ?”

“ಯಾಕಿದ್ದೀಯ?” ಎಂದು ಗುಪ್ತಣ್ಣ ಕೇಳಿದ. ಜಗಳಕ್ಕಲ್ಲ. ನಿಜವಾಗಿಯೂ ತಿಳಿಯಬೇಕೆಂದು.

ಅವಳು ಬುಟ್ಟಿಯಿಂದ ಒಂದು ದಿಂಬಿನ ಚೀಲ ತೆಗೆದು ತಂತಿಗೆ ಹಾಕಿದಳು. ಅದು ಇಬ್ಬರ ನಡುವೆ ತೂಗಿತು.

“ಒಂದು ಕೇಳ್ತೀನಿ, ಅಷ್ಟು ಹೇಳು” ಎಂದ ಗುಪ್ತಣ್ಣ ಚೀಲದ ಈ ಕಡೆಯಿಂದ. “ನಾನು ಹೇಳಿದ್ದನ್ನ ನಂಬಿದೆಯಾ?”

ಚೀಲದ ಆ ಕಡೆ ಕ್ಲಿಪ್ಪೊಂದು ತಂತಿಗೆ ಕಚ್ಚಿದ ಸದ್ದಾಯಿತು.

“ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ” ಎಂದಳು ಅವಳು.

ಇಲಾಖೆಯಲ್ಲಿ ಹೊಸಬರಿಗೆ ಈ ವಾಕ್ಯವನ್ನು ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಅವಳಷ್ಟು ಸೊಗಸಾಗಿ ಹೇಳಿದವರನ್ನು ಗುಪ್ತಣ್ಣ ಕಂಡಿರಲಿಲ್ಲ.

ಅವನು ಮುಂದಿನ ಕೋಣೆಗೆ ಬಂದಾಗ ನಾದಿನಿ ಟಿವಿಯ ದನಿ ಪೂರ್ತಿ ಇಳಿಸಿದ್ದಳು. ಪರದೆಯ ಮೇಲೆ ಯಾರೋ ಸದ್ದಿಲ್ಲದೆ ಅಳುತ್ತಿದ್ದರು.

“ಏನ್ ಭಾವ, ಈಗಲಾದ್ರೂ ಒಪ್ಕೊಂಡ್ರಾ? ಅವತ್ತು ಒಬ್ಬಳ ಜೊತೆ ಇದ್ದದ್ದು ನಿಜ ತಾನೇ?”

ಗುಪ್ತಣ್ಣ ಬಾಲ್ಕನಿಯ ಕಡೆ ನೋಡಿದ. ಬಟ್ಟೆಗಳ ಕೆಳಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಅಲುಗಲಿಲ್ಲ.

“ಹೌದು” ಎಂದ.

ಹೆಂಡತಿಯ ಹೊರತು ಇನ್ನೊಬ್ಬರಿಗೆ ಆಯುಷ್ಯದಲ್ಲಿ ಅವನು ಕೊಟ್ಟ ಮೊದಲ ನೇರ ಉತ್ತರ ಅದು. ನಾದಿನಿ ಗೆದ್ದವಳಂತೆ ಉಸಿರು ಬಿಟ್ಟಳು. “ಯಾರು?”

“ಅದನ್ನ ಹೇಳೋ ಹಾಗಿಲ್ಲ.”

ಕೆಳಗಿಳಿದು, ಮನೆಯ ಹಿಂದಿನ ರಸ್ತೆ ದಾಟಿ, ಬಸ್ ನಿಲ್ದಾಣದಲ್ಲಿ ನಿಂತ. ಅಲ್ಲಿಂದ ಹಿಂದಿನ ಬಾಲ್ಕನಿ ಓರೆಯಾಗಿ ಕಾಣುತ್ತಿತ್ತು. ಬಟ್ಟೆ ಹರವಿ ಮುಗಿದಿತ್ತು. ಹೆಂಡತಿ ಕಂಬಿ ಹಿಡಿದು ನಿಂತಿದ್ದಳು. ಅವಳು ಅವನ ಕಡೆ ನೋಡುತ್ತಿರಲಿಲ್ಲ. ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಮಳೆ ಬರುತ್ತದೋ ಎಂದು ನೋಡುವವಳ ಹಾಗೆ, ಆದರೆ ಅದಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು, ಮೇಲೆ ನೋಡುತ್ತಿದ್ದಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಬಸ್ಸು ಬಂತು, ನಿಂತಿತು, ಹೋಯಿತು. ಗುಪ್ತಣ್ಣ ಹತ್ತಲಿಲ್ಲ. ಬಿಸಿಲು ಎಡಗೆನ್ನೆಯ ಮೇಲೆ ಬೀಳುತ್ತಿತ್ತು. ಅವನು ಮುಖ ತಿರುಗಿಸದೆ ಹಾಗೇ ನಿಂತಿದ್ದ.